ಟಿಶ್ಯೂ ಕಲ್ಚರ್ ಗಿಡ ತರುವುದೋ, ಕಸಿ ಗಿಡ ತರುವುದೋ? ಕರಾವಳಿಯ ತೋಟದವರ ಅನುಭವ

ಶಿರ್ವದಿಂದ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರ್ವದ ಹತ್ತಿರ ಸ್ವಲ್ಪ ಬೈಲು (ತಗ್ಗಿನ ಗದ್ದೆ), ಅದರ ಮೇಲೆ ಮಜಲು (ನಡು ಎತ್ತರದ ಗದ್ದೆ), ಹಿಂದುಗಡೆ ಮುರಕಲ್ಲಿನ ಗುಡ್ಡೆ. ಭತ್ತದ ಬೇಸಾಯ ನಿಂತು ವರ್ಷಗಳೇ ಆದವು. ಅಡಿಕೆ ಇಡುವ ಅಂತ ಅಪ್ಪ ಹೇಳ್ತಾರೆ. ಎಲೆಚುಕ್ಕಿ, ಹಳದಿ ರೋಗದ ಸುದ್ದಿ ಕೇಳಿ ನನಗೆ ಧೈರ್ಯ ಬರುವುದಿಲ್ಲ, ಹಣ್ಣಿನ ಬೆಳೆ ಮಾಡಬೇಕು ಅಂತ ಮನಸ್ಸು. ಕಳೆದ ವಾರ ಗಿಡ ಮಾರುವ ಏಜೆಂಟರೊಬ್ಬರು ಮನೆಗೇ ಬಂದಿದ್ದರು. ಏಲಕ್ಕಿ ಬಾಳೆ, ಜಿ-9 ಬಾಳೆ, ಹಲಸು, ಮಾವು, ರಂಬುಟಾನ್ ಎಲ್ಲವೂ ಟಿಶ್ಯೂ ಕಲ್ಚರ್‌ನದ್ದೇ ಉಂಟು, ರೋಗ ಬರುವುದಿಲ್ಲ, ಫಸಲು ಡಬಲ್ ಅಂತ ಹೇಳಿದರು. ಅರ್ಧ ದುಡ್ಡು ಮುಂಗಡ ಕೊಡಬೇಕಂತೆ. ಈ ಗಿಡ ನಿಜವಾಗಿಯೂ ಸುಧಾರಿತ ತಳಿಯಾ? ನೆಟ್ಟು ನೋಡಿದವರು ದಯವಿಟ್ಟು ತಿಳಿಸಿ.

ಬೆಳ್ತಂಗಡಿ ಕಡೆಯ ತೋಟದವರು

ತಮ್ಮಾ, ಮುಂಗಡ ಕೊಡಬೇಡಿ, ಸ್ವಲ್ಪ ನಿಲ್ಲಿ. ಟಿಶ್ಯೂ ಕಲ್ಚರ್ ಅಂದರೆ ತಳಿ ಸುಧಾರಣೆ ಅಲ್ಲ. ಒಂದು ತಾಯಿ ಗಿಡದ ಸಾವಿರಾರು ನಕಲು ಮಾಡುವ ಕ್ರಮ ಅದು. ತಾಯಿ ಒಳ್ಳೆಯದಾದರೆ ಮಕ್ಕಳೂ ಒಳ್ಳೆಯವು, ತಾಯಿಗೆ ಇಲ್ಲದ ಗುಣ ಬಾಟಲಿಯೊಳಗೆ ಹುಟ್ಟಿ ಬರುವುದಿಲ್ಲ. ಹಾಗಾಗಿ ಏಜೆಂಟರ ಹತ್ತಿರ ಮೊದಲು ಕೇಳಬೇಕಾದ್ದು "ಟಿಶ್ಯೂವಾ ಅಲ್ಲವಾ" ಅಂತಲ್ಲ, "ತಾಯಿ ಯಾವುದು, ಎಲ್ಲಿಯದು" ಅಂತ.

ಬಾಳೆಗೆ ಮಾತ್ರ ನಾನು ಟಿಶ್ಯೂ ಗಿಡದ ಪರ. ನಮ್ಮ ಅಡಿಕೆ ತೋಟದ ಮಧ್ಯೆ ಜಿ-9 ಮತ್ತು ಏಲಕ್ಕಿ ಎರಡೂ ಮಾಡಿದ್ದೇನೆ, ಕಂದು (ಬುಡದಲ್ಲಿ ಏಳುವ ಮರಿ) ನೆಟ್ಟೂ ಮಾಡಿದ್ದೇನೆ. ನನಗೆ ದೊಡ್ಡದಾಗಿ ಕಂಡ ಲಾಭ ಇಳುವರಿಯದ್ದಲ್ಲ, ಶುಚಿಯದ್ದು. ಹಳೆಯ ತೋಟದಿಂದ ಕಂದು ಕಿತ್ತು ತಂದರೆ ಅದರ ಗಡ್ಡೆಯಲ್ಲಿ ಮೂತಿಹುಳದ ಮರಿ ಬರ್ತದೆ, ಬೇರಿನಲ್ಲಿ ಬೇರು ಕೊರೆಯುವ ನೆಮಟೋಡ್, ಅಂದರೆ ಕಣ್ಣಿಗೆ ಕಾಣದ ದಾರದಂಥ ಹುಳ, ಬರ್ತದೆ. ಈ ನೆಮಟೋಡ್ ಬಾಳೆಯಲ್ಲಿಯೇ ನಿಲ್ಲುವುದಿಲ್ಲ, ಅಡಿಕೆ ಬೇರಿಗೂ ಕಾಳುಮೆಣಸಿನ ಬೇರಿಗೂ ಅದೇ ಜಾತಿ ಹತ್ತುತ್ತದೆ. ಎಡೆಬೆಳೆ ಅಂತ ಒಂದು ಪಿಕಪ್ ಕಂದು ತಂದು ಇಡೀ ತೋಟಕ್ಕೆ ರೋಗ ಹಂಚಿದವರು ನಮ್ಮೂರಿನಲ್ಲೇ ಇದ್ದಾರೆ. ಲ್ಯಾಬಿನ ಗಿಡದಲ್ಲಿ ಇದೊಂದು ಭಯ ಇಲ್ಲ.

ಆದರೆ "ರೋಗ ಬರುವುದಿಲ್ಲ" ಅನ್ನುವುದು ಸುಳ್ಳು. ರೋಗ ಇಲ್ಲದೆ ಬರುವುದು ಬೇರೆ, ರೋಗ ತಡೆದುಕೊಳ್ಳುವುದು ಬೇರೆ. ಏಲಕ್ಕಿ ಬಾಳೆಗೆ ಪನಾಮ ಸೊರಗು ರೋಗ ಹತ್ತುವುದು ಅದರ ಜಾತಿಗುಣ. ಲ್ಯಾಬಿನಿಂದ ಬಂದರೂ ಏಲಕ್ಕಿ ಏಲಕ್ಕಿಯೇ. ಆ ರೋಗ ತರುವ ಶಿಲೀಂಧ್ರ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ನಿಮ್ಮ ಬೈಲಿನಲ್ಲಿ ಹಿಂದೆ ಬಾಳೆ ಹಳದಿಯಾಗಿ, ದಿಂಡು ಬುಡದಲ್ಲಿ ಸೀಳಿ ಸತ್ತದ್ದು ಅಪ್ಪನಿಗೆ ನೆನಪಿದ್ದರೆ ಅಲ್ಲಿ ಏಲಕ್ಕಿ ಬೇಡವೇ ಬೇಡ. ಮೈಸೂರು ಬಾಳೆಗೆ ಅದು ಅಷ್ಟಾಗಿ ತಟ್ಟುವುದಿಲ್ಲ. ಜಿ-9 ಆ ಹಳೆಯ ಪನಾಮವನ್ನು ತಡೆಯುತ್ತದೆ, ಆದರೆ ಟಿಆರ್-4 ಅನ್ನುವ ಹೊಸ ಬಗೆ ಬಂದರೆ ಅದಕ್ಕೂ ಉಳಿಗಾಲ ಇಲ್ಲ. ಬಿಹಾರ, ಉತ್ತರಪ್ರದೇಶದ ಜಿ-9 ತೋಟಗಳಿಗೆ ಅದು ಈಗಾಗಲೇ ಬಂದಿದೆ. ಹೊರರಾಜ್ಯದ ಕಂದು, ಮಣ್ಣು ಹತ್ತಿದ ಸಾಮಾನು ಯಾವುದೂ ತೋಟದ ಒಳಗೆ ಬರದ ಹಾಗೆ ನೋಡಿಕೊಳ್ಳಿ.

ಇನ್ನು ವೈರಸ್. ಬಂಚಿ ಟಾಪ್ ಅನ್ನುವ ವೈರಸ್ ರೋಗ ಹೇಗಿರುತ್ತದೆ ಅಂತ ಕಣ್ಣಿಗೆ ಅಭ್ಯಾಸ ಆಗಲೇಬೇಕು. ಎಳೆಯ ಎಲೆಯನ್ನು ಹಿಂಬದಿಯಿಂದ ಬೆಳಕಿಗೆ ಹಿಡಿದು ನೋಡಿ. ನಡುನರದ ಪಕ್ಕ, ಎಲೆಯ ತೊಟ್ಟಿನ ಮೇಲೆ ಕಡು ಹಸಿರಿನ ಚುಕ್ಕಿ, ಗೆರೆ, ಮತ್ತೆ ಚುಕ್ಕಿ, ಹೀಗೆ ತುಂಡು ತುಂಡಾಗಿ ಕಾಣುತ್ತದೆ. ಆಮೇಲೆ ಬರುವ ಎಲೆಗಳು ಒಂದಕ್ಕಿಂತ ಒಂದು ಗಿಡ್ಡ, ಕಿರಿದು, ನೆಟ್ಟಗೆ ನಿಂತು ತಲೆಯಲ್ಲಿ ಗೊಂಚಲಾಗುತ್ತವೆ. ಅಂಥ ಗಿಡ ಗೊನೆ ಹಾಕುವುದಿಲ್ಲ. ಈ ವೈರಸ್ ಹರಡುವುದು ಗಿಡದ ರಸ ಹೀರುವ ಸಣ್ಣ ಹೇನು. ಕಂಡ ಕೂಡಲೇ ಮೊದಲು ಹೇನಿಗೆ ಮದ್ದು ಬಿಟ್ಟು, ಹೇನು ಸತ್ತ ಮೇಲೆ ಗಡ್ಡೆಸಮೇತ ಕೀಳಬೇಕು. ಮೊದಲೇ ಕಿತ್ತು ಎಳೆದರೆ ಹೇನು ಪಕ್ಕದ ಗಿಡಕ್ಕೆ ದಾಟುತ್ತದೆ.

ನಮ್ಮ ಕಡೆಯವರಿಗೆ ಅಂತಲೇ ಇನ್ನೊಂದು. ಎಳೆಯ ಟಿಶ್ಯೂ ಗಿಡಕ್ಕೆ ಸೌತೆಯ ಮೊಸಾಯಿಕ್ ವೈರಸ್ ಬೇಗ ಹತ್ತುತ್ತದೆ. ಸುಗ್ಗಿ ಗದ್ದೆಯಲ್ಲಿ ಸೌತೆ, ಹೀರೆ, ಮುಳ್ಳುಸೌತೆ ಹಾಕುವ ಕ್ರಮ ನಮ್ಮಲ್ಲಿ ಉಂಟಲ್ಲ, ಅದರ ಬದುವಿನಲ್ಲೇ ಬಾಳೆ ಇಟ್ಟರೆ ಹೇನು ಇಲ್ಲಿಂದ ಅಲ್ಲಿಗೆ ಹಾರುತ್ತದೆ. ಮೊದಲ ಕೆಲವು ತಿಂಗಳು ಅವೆರಡನ್ನೂ ದೂರ ಇಡಿ.

ಮಂಗಳೂರಿನಿಂದ ಒಬ್ಬರು, ಬೆಂಗಳೂರಿನ ಲ್ಯಾಬಿನಲ್ಲಿ ಕೆಲಸ ಮಾಡಿದವರು

ಮೇಲಿನ ಅಣ್ಣ ಹೇಳಿದ್ದು ಸರಿ. ಒಳಗೆ ಏನು ಮಾಡ್ತೇವೆ ಅಂತ ನಾನು ಹೇಳ್ತೇನೆ, ಯಾಕೆಂದರೆ ಅದು ಗೊತ್ತಿದ್ದರೆ ಏನು ಕೇಳಬೇಕು ಅಂತಲೂ ಗೊತ್ತಾಗ್ತದೆ.

ಕತ್ತಿಯ ಹಾಗೆ ಕಿರಿದಾದ ಎಲೆ ಇರುವ ಗಟ್ಟಿ ಕಂದನ್ನು ತರ್ತೇವೆ. ಹೊರಗಿನ ಸುಳಿ ಪದರ ಒಂದೊಂದಾಗಿ ಬಿಡಿಸುತ್ತಾ ಹೋದರೆ ಕೊನೆಗೆ ಒಂದೆರಡು ಸೆಂಟಿಮೀಟರಿನ ಬಿಳಿ ತುಂಡು ಉಳಿಯುತ್ತದೆ. ಬೆಳವಣಿಗೆಯ ತುದಿ ಇರುವುದು ಅದರಲ್ಲಿ. ಅದನ್ನು ಕ್ರಿಮಿ ಸಾಯುವ ದ್ರಾವಣದಲ್ಲಿ ತೊಳೆದು, ಸಕ್ಕರೆ, ಲವಣ, ಅಗರ್ ಹಾಕಿದ ಎಂಎಸ್ ಮಾಧ್ಯಮದ ಬಾಟಲಿಗೆ ಇಳಿಸುತ್ತೇವೆ. ಮುರಾಶಿಗೆ ಮತ್ತು ಸ್ಕೂಗ್ ಅನ್ನುವ ಇಬ್ಬರು 1962ರಲ್ಲಿ ತಂಬಾಕಿನ ಅಂಗಾಂಶಕ್ಕೆ ಅಂತ ಮಾಡಿದ ಪಾಕ ಅದು, ಇವತ್ತಿಗೂ ಹೆಚ್ಚಿನ ಲ್ಯಾಬುಗಳು ಅದನ್ನೇ ಬಳಸುವುದು. ಬಿಎಪಿ ಅನ್ನುವ ಹಾರ್ಮೋನು ಹಾಕಿದರೆ ಒಂದು ತುದಿಯಿಂದ ಹಲವು ಮೊಳಕೆ ಬರುತ್ತವೆ. ಮೂರು ನಾಲ್ಕು ವಾರಕ್ಕೊಮ್ಮೆ ಅವನ್ನು ಬಿಡಿಸಿ ಹೊಸ ಬಾಟಲಿಗೆ ಹಾಕುವುದು.

ಮೋಸ ನುಗ್ಗುವುದು ಇಲ್ಲಿಯೇ. ಬಾಳೆಯಲ್ಲಿ ಹೀಗೆ ಬಿಡಿಸುವುದನ್ನು ಸುಮಾರು ಎಂಟು ಸುತ್ತಿಗೆ ನಿಲ್ಲಿಸಬೇಕು. ಮುಂದೆ ಹೋದಷ್ಟೂ ಗಿಡದ ಗುಣ ತಪ್ಪುವ ಸಂಭವ ಜಾಸ್ತಿ. ಗಿಡ್ಡ ಗಿಡ, ಕಿರಿದಾದ ದಪ್ಪ ಎಲೆ, ಎಲೆಯಲ್ಲಿ ಬಿಳಿ ಪಟ್ಟೆ ಹೀಗೆ ಬರುತ್ತದೆ. ಜಿ-9 ಸೇರುವ ಕ್ಯಾವೆಂಡಿಶ್ ಗುಂಪಿನಲ್ಲಿ ಅತಿ ಹೆಚ್ಚು ಕಾಣುವುದು ಗಿಡ್ಡವಾಗುವ ದೋಷ. ಒಳ್ಳೆಯ ಲ್ಯಾಬಿನವರು ನರ್ಸರಿಯಲ್ಲೇ ಅಂಥವನ್ನು ಹೆಕ್ಕಿ ಬಿಸಾಡುತ್ತಾರೆ, ದುಡ್ಡಿನ ಮುಖ ನೋಡುವವರು ಅದನ್ನೂ ಕಟ್ಟಿ ಕಳಿಸುತ್ತಾರೆ. ನೀವೇ ಟ್ರೇ ಮುಂದೆ ನಿಂತು ನೋಡಿ, ಗುಂಪಿನಲ್ಲಿ ಬೇರೆ ಥರ ಕಾಣುವ ಗಿಡ ಇದ್ದರೆ ತೆಗೆಯಲು ಹೇಳಿ.

ತಾಯಿ ಗಿಡದಲ್ಲಿ ವೈರಸ್ ಇದ್ದರೆ ಲ್ಯಾಬು ಅದನ್ನೂ ಸಾವಿರ ಪಟ್ಟು ಮಾಡಿಕೊಡುತ್ತದೆ. ಅದಕ್ಕೆಂದೇ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಲ್ಲಿ ಟಿಶ್ಯೂ ಗಿಡಗಳಿಗೆ ಪ್ರಮಾಣಪತ್ರದ ವ್ಯವಸ್ಥೆ ತಂದದ್ದು. ಎನ್‌ಸಿಎಸ್-ಟಿಸಿಪಿ ಅಂತ ಹೆಸರು. ಇದರಲ್ಲಿ ಎರಡು ಸಂಗತಿ ಬೇರೆ ಬೇರೆ ಉಂಟು. ಲ್ಯಾಬಿಗೆ ಮಾನ್ಯತೆ ಇರುವುದು ಒಂದು. ನಿಮಗೆ ಕೊಡುವ ಆ ಬ್ಯಾಚಿನ ಗಿಡ ವೈರಸ್ ಪರೀಕ್ಷೆಯಲ್ಲಿ ಪಾಸಾಗಿ ಲೇಬಲ್ ಪಡೆದಿರುವುದು ಇನ್ನೊಂದು. ಮೊದಲನೆಯದರ ಕಾಗದ ತೋರಿಸಿ ಮಾರುವವರು ತುಂಬಾ ಜನ. ಎರಡನೆಯದನ್ನೂ ಕೇಳಿ.

ಹದಗೊಳಿಸುವ ಹಂತದ ಬಗ್ಗೆ ಒಂದು ಮಾತು. ಬಾಟಲಿಯಲ್ಲಿ ಬೆಳೆದ ಎಲೆಗೆ ಮೇಣದ ಪದರ ಸರಿಯಾಗಿ ಇರುವುದಿಲ್ಲ, ಉಸಿರಾಡುವ ರಂಧ್ರ ಮುಚ್ಚುವ ಅಭ್ಯಾಸವೂ ಆಗಿರುವುದಿಲ್ಲ. ನೇರ ಬಿಸಿಲಿಗೆ ತಂದರೆ ಬಾಡಿ ಹೋಗುತ್ತದೆ. ಮೊದಲು ತೇವ ಜಾಸ್ತಿ ಇರುವ ಮನೆಯಲ್ಲಿ ಟ್ರೇಯಲ್ಲಿ, ಆಮೇಲೆ ನೆರಳು ಬಲೆಯಡಿ ಪಾಲಿಥಿನ್ ಚೀಲದಲ್ಲಿ, ಹೀಗೆ ಎರಡು ಹಂತ ದಾಟಿ, ಒಂದಡಿ ಎತ್ತರ, ಐದಾರು ಎಲೆ ಇರುವ ಗಿಡವನ್ನಷ್ಟೇ ತೆಗೆದುಕೊಳ್ಳಿ. ಟ್ರೇಯ ಸಣ್ಣ ಗಿಡ ಕಡಿಮೆ ಬೆಲೆಗೆ ಸಿಗುತ್ತದೆ ಅಂತ ತಂದರೆ ಸಾಕುವ ಕೆಲಸ ನಿಮ್ಮ ತಲೆಗೆ ಬರ್ತದೆ. ತೋಟಗಾರಿಕೆ ಇಲಾಖೆಯ ಜೈವಿಕ ತಂತ್ರಜ್ಞಾನ ಕೇಂದ್ರ ಬೆಂಗಳೂರಿನ ಹುಳಿಮಾವಿನಲ್ಲಿ ಉಂಟು, ನಿಮ್ಮ ತಾಲೂಕಿನ ತೋಟಗಾರಿಕೆ ಕಚೇರಿಯಲ್ಲಿ ವಿಚಾರಿಸಿ ನೋಡಿ.

ಪುತ್ತೂರಿನಲ್ಲಿ ಕಸಿ ಕಟ್ಟುವವರು

ಹಲಸು, ಮಾವು ಟಿಶ್ಯೂ ಗಿಡ ಅಂದರಾ? ನಾನಾದರೆ ಅಲ್ಲಿಯೇ ಮಾತು ನಿಲ್ಲಿಸ್ತಿದ್ದೆ. ದೊಡ್ಡ ಮರದ ಚಿಗುರನ್ನು ಬಾಟಲಿಗೆ ಹಾಕಿದರೆ ಕತ್ತರಿಸಿದ ಜಾಗದಿಂದ ಒಗರು ಬಿಟ್ಟು ಮಾಧ್ಯಮ ಕಂದು ಬಣ್ಣಕ್ಕೆ ತಿರುಗಿ ಚಿಗುರು ಸಾಯುತ್ತದೆ. ಬದುಕಿದರೂ ಬೇರು ಬರುವುದು ಕಷ್ಟ. ಬೀಜದಿಂದ ಹುಟ್ಟಿದ ಎಳೆ ಸಸಿಯಿಂದ ಮಾಡುವುದು ಸುಲಭ, ಆದರೆ ಆ ಸಸಿ ಮುಂದೆ ಎಂಥ ಹಣ್ಣು ಕೊಡ್ತದೆ ಅಂತ ಯಾರಿಗೆ ಗೊತ್ತು? ಆದ್ದರಿಂದ ಹಲಸು ಮಾವಿನಲ್ಲಿ ಗುಣ ಉಳಿಸುವ ದಾರಿ ಕಸಿಯೇ.

ಹಲಸಿನದ್ದು ಪರಪರಾಗಸ್ಪರ್ಶ. ಒಂದೇ ಹಣ್ಣಿನ ಹತ್ತು ಬೀಜ ಹಾಕಿದರೆ ಹತ್ತು ಥರದ ಮರ. ಬಕ್ಕೆಯ (ಗಟ್ಟಿ ಸೊಳೆಯದ್ದರ) ಬೀಜದಿಂದ ತುಳುವ (ಮೆತ್ತಗಿನ ಸೊಳೆಯದ್ದು) ಬರುವುದು ನಮ್ಮ ಹಿರಿಯರೆಲ್ಲ ಕಂಡದ್ದೇ. ಇದು ತೊಂದರೆಯೂ ಹೌದು, ನಮ್ಮ ಸಂಪತ್ತೂ ಹೌದು. ಕರಾವಳಿಯ ಒಂದೊಂದು ಮನೆಯ ಹಿತ್ತಲಿನಲ್ಲಿ ಒಂದೊಂದು ತಳಿ ನಿಂತಿರುವುದು ಅದರಿಂದಲೇ. ಕೆಂಪು ಸೊಳೆ, ಅಂಟು ಕಡಿಮೆ ಇರುವುದು, ವರ್ಷಕ್ಕೆ ಎರಡು ಸಲ ಬಿಡುವುದು ಎಲ್ಲ ಹೀಗೆ ತಾನಾಗಿ ಹುಟ್ಟಿ ಯಾರದೋ ಕಣ್ಣಿಗೆ ಬಿದ್ದು ಉಳಿದವು. ತುಮಕೂರು ಜಿಲ್ಲೆಯ ಸಿದ್ದು ಹಲಸು ಅದೇ ಕಥೆ. ರೈತರೊಬ್ಬರ ಜಮೀನಿನ ಒಂದು ಮರದ ತಾಮ್ರಗೆಂಪು ಸೊಳೆ ನೋಡಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಕಸಿ ಗಿಡ ಮಾಡಿ ಹಬ್ಬಿಸಿದರು. ತಳಿ ಸುಧಾರಣೆಯಲ್ಲಿ ಅರ್ಧ ಕೆಲಸ ಆರಿಸುವುದು.

ಇನ್ನರ್ಧ ಕೂಡಿಸುವುದು, ಅದು ತಾಳ್ಮೆಯ ಕೆಲಸ. ಮಾವಿನ ಒಂದು ಹೂಗೊಂಚಲಿನಲ್ಲಿ ನೂರಾರು ಹೂ. ಕೈಯಿಂದ ಪರಾಗ ಹಚ್ಚಿದರೂ ನಿಲ್ಲುವುದು ಎಲ್ಲೋ ಒಂದೆರಡು. ಒಂದು ಹಣ್ಣಿಗೆ ಒಂದೇ ಓಟೆ (ಗೊರಟು). ಆ ಸಸಿ ಹೂ ಬಿಡಲು ವರ್ಷಗಟ್ಟಲೆ ಕಾಯಬೇಕು. ಹಾಗೆ ಕಾದೇ ನೀಲಂ ಮತ್ತು ದಶೇರಿಯಿಂದ ಮಲ್ಲಿಕಾ ಬಂತು, ಅದೇ ಎರಡನ್ನು ಅಪ್ಪ ಅಮ್ಮ ಬದಲಿಸಿ ಕೂಡಿಸಿದ್ದರಿಂದ ಆಮ್ರಪಾಲಿ ಬಂತು. ಕೊಂಕಣದ ವೆಂಗುರ್ಲದಲ್ಲಿ ನೀಲಂ ಮತ್ತು ಆಪೂಸಿನಿಂದ ರತ್ನಾ ಮಾಡಿದರು. ಆಪೂಸು ಹೊರಗೆ ಚಂದ ಕಂಡರೂ ಕೊಯ್ದಾಗ ಒಳಗೆ ಬೆಳ್ಳಗೆ ಸ್ಪಂಜಿನಂತಾಗಿರುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ರತ್ನಾದಲ್ಲಿ ಆ ದೋಷ ಇಲ್ಲ. ಮನೆಗೆ ಮುಂಡಪ್ಪ ಮಾವು, ಮಾರಾಟಕ್ಕೆ ಮಲ್ಲಿಕಾ ಅಂತ ನಾನು ಹೇಳುವುದು.

ಗುಡ್ಡೆಗೆ ಗೇರು ನೆನಪಿರಲಿ. ನಮ್ಮ ಪುತ್ತೂರಿನಲ್ಲೇ ಗೇರು ಸಂಶೋಧನಾ ನಿರ್ದೇಶನಾಲಯ ಇದೆ, ಉಳ್ಳಾಲದ ಕೇಂದ್ರದ ತಳಿಗಳೂ ಉಂಟು. ಬೀಜದ ಗಿಡ ಬೇಡ, ಕಸಿ ಗಿಡವೇ ತನ್ನಿ. ಭಾಸ್ಕರ ತಳಿ ಟೀ ಸೊಳ್ಳೆ ಅನ್ನುವ ರಸ ಹೀರುವ ಕೀಟದ ಕಾಟವನ್ನು, ಕಾಟ ಮಿತಿಯಲ್ಲಿದ್ದರೆ, ಸ್ವಲ್ಪ ತಡೆದುಕೊಳ್ಳುತ್ತದೆ.

ಶಿರ್ವದವರು ಮತ್ತೆ

ಎಲ್ಲರಿಗೂ ತುಂಬಾ ಉಪಕಾರ. ಏಜೆಂಟರಿಗೆ ಫೋನ್ ಮಾಡಿ ಬ್ಯಾಚಿನ ಲೇಬಲ್ ಕೇಳಿದೆ, "ನೋಡಿ ಹೇಳ್ತೇನೆ" ಅಂದವರು ಮತ್ತೆ ಫೋನ್ ಎತ್ತಲಿಲ್ಲ. ಮುಂಗಡ ಕೊಟ್ಟಿಲ್ಲ. ಇನ್ನೊಂದು ಸಂಗತಿ. ಅಜ್ಜಿಯ ಕಾಲದ ಒಂದು ನೆಕ್ಕರೆ ಮಾವಿನ ಮರ ಮನೆ ಹಿಂದೆ ಉಂಟು, ಮಿಡಿಯೂ ಹಣ್ಣೂ ಬಹಳ ಒಳ್ಳೆಯದು. ಅಮ್ಮ ಪ್ರತಿವರ್ಷ ಓಟೆ ಹಾಕಿ ಗಿಡ ಮಾಡ್ತಾರೆ, ಬೀಜದ ಗಿಡ ಪ್ರಯೋಜನ ಇಲ್ಲ ಅಂತ ನಾನು ಹೇಳ್ತಿದ್ದೆ. ರಂಬುಟಾನ್ ಬಗ್ಗೆ ಯಾರೂ ಹೇಳಲಿಲ್ಲ.

ಪುತ್ತೂರಿನಲ್ಲಿ ಕಸಿ ಕಟ್ಟುವವರು

ಅಮ್ಮನನ್ನು ತಡೆಯಬೇಡಿ ಮಾರಾಯ್ರೆ! ಪಶ್ಚಿಮ ಕರಾವಳಿಯ ಎಷ್ಟೋ ಮಾವಿನ ವಿಶೇಷ ಇದು. ಆಪೂಸಿನ ಓಟೆಯಿಂದ ಒಂದೇ ಸಸಿ. ನೆಕ್ಕರೆ, ಓಲೂರು, ಕುರುಕ್ಕನ್, ಬಪ್ಪಕಾಯಿ ಇವುಗಳ ಒಂದು ಓಟೆಯಲ್ಲಿ ಹಲವು ಭ್ರೂಣ ಇರುತ್ತವೆ, ಮಣ್ಣಿನಿಂದ ಎರಡು ಮೂರು ನಾಲ್ಕು ಸಸಿ ಒಟ್ಟಿಗೆ ಏಳುತ್ತವೆ. ಅದರಲ್ಲಿ ಪರಾಗದಿಂದ ಹುಟ್ಟಿದ್ದು ಹೆಚ್ಚೆಂದರೆ ಒಂದು. ಉಳಿದವು ತಾಯಿಯ ಅಂಗಾಂಶದಿಂದಲೇ ಹುಟ್ಟಿದವು, ತಾಯಿಯ ಗುಣವನ್ನೇ ಹೊತ್ತು ಬರುತ್ತವೆ. ಲ್ಯಾಬಿನಲ್ಲಿ ಮಾಡುವ ನಕಲನ್ನು ಆ ಮರ ತಾನೇ ಓಟೆಯೊಳಗೆ ಮಾಡಿಟ್ಟಿದೆ. ಏಳುವ ಸಸಿಗಳಲ್ಲಿ ಒಂದೇ ಥರ, ಗಟ್ಟಿಯಾಗಿ ಬರುವವನ್ನು ಬಿಡಿಸಿ ಬೇರೆ ಚೀಲಕ್ಕೆ ಹಾಕಿ, ಬಡಕಲಾಗಿ ಬೇರೆ ಥರ ಕಾಣುವುದನ್ನು ಬಿಟ್ಟುಬಿಡಿ. ಬೇಗ ಕಾಯಿ ಬೇಕೆಂದರೆ ಅದೇ ಸಸಿಗೆ ಹಳೆ ಮರದ ಕಡ್ಡಿ ಕಸಿ ಕಟ್ಟಿ.

ರಂಬುಟಾನ್ ಬೀಜದ ಗಿಡ ಮಾಡಿದರೆ ಹಲವು ಗಂಡು ಮರ ಬರ್ತವೆ, ಅವಕ್ಕೆ ಕಾಯಿ ಇಲ್ಲ. ಕಣ್ಣು ಕಸಿಯದ್ದೇ ಬೇಕು. ಕೊಡಗಿನ ಚೆಟ್ಟಳ್ಳಿ ಕೇಂದ್ರದಿಂದ ಅರ್ಕಾ ಕೂರ್ಗ್ ಅರುಣ್ ಅಂತ ತಳಿ ಬಂದಿದೆ. ಮ್ಯಾಂಗೋಸ್ಟೀನ್ ಇದಕ್ಕೆ ಪೂರ್ತಿ ಉಲ್ಟಾ. ಪರಾಗ ಇಲ್ಲದೆಯೇ ಬೀಜ ಕಟ್ಟುತ್ತದೆ, ಬೀಜದ ಗಿಡ ತಾಯಿಯ ಹಾಗೆಯೇ. ಬೀಜ ಒಣಗಿದರೆ ಹುಟ್ಟುವುದಿಲ್ಲ, ತಿಂದ ಕೂಡಲೇ ಹಾಕಿ.

ಅಲ್ ಐನ್‌ನಿಂದ ಒಬ್ಬರು, ಊರು ಕಾಪು

ಇಲ್ಲಿ ಖರ್ಜೂರದ ತೋಟದಲ್ಲಿ ಕೆಲಸ. ಟಿಶ್ಯೂ ಗಿಡದ ಒಳ್ಳೆಯದು ಕೆಟ್ಟದು ಎರಡೂ ಇಲ್ಲಿ ಎದುರಿಗೇ ಕಾಣುತ್ತದೆ. ಖರ್ಜೂರದಲ್ಲಿ ಗಂಡು ಹೆಣ್ಣು ಮರ ಬೇರೆ ಬೇರೆ, ಬೀಜ ಹಾಕಿದರೆ ಸುಮಾರು ಅರ್ಧ ಗಂಡೇ. ಬುಡದಲ್ಲಿ ಬರುವ ಮರಿ ಕಿತ್ತು ನೆಡಬಹುದು, ಆದರೆ ಒಂದು ಮರ ಇಡೀ ಆಯುಷ್ಯದಲ್ಲಿ ಕೊಡುವ ಮರಿ ಬಹಳ ಕಡಿಮೆ. ಹಾಗಾಗಿ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಖರ್ಜೂರಕ್ಕೆಂದೇ ಟಿಶ್ಯೂ ಕಲ್ಚರ್ ಲ್ಯಾಬ್ ಇದೆ. ಆದರೂ ಬರ್ಹಿ ಅನ್ನುವ ತಳಿಯ ಕೆಲವು ಟಿಶ್ಯೂ ಮರಗಳಲ್ಲಿ ಹೂವೇ ದೋಷದಿಂದ ಬಂದು ಕಾಯಿ ಸರಿಯಾಗಿ ಕಟ್ಟದೆ ಹೋದದ್ದು ಈ ಕ್ಷೇತ್ರದವರಿಗೆಲ್ಲ ಗೊತ್ತಿರುವ ವಿಷಯ. ಬಾಳೆಯಲ್ಲಿ ದೋಷ ವರ್ಷದೊಳಗೆ ಗೊತ್ತಾಗ್ತದೆ, ಕಿತ್ತು ಹಾಕಬಹುದು. ಮರದ ಬೆಳೆಯಲ್ಲಿ ಅದು ತಿಳಿಯುವ ಹೊತ್ತಿಗೆ ವರ್ಷಗಳ ನೀರು ಗೊಬ್ಬರ ಹೋಗಿರುತ್ತದೆ. ಮರದ ಬೆಳೆಯ ಟಿಶ್ಯೂ ಗಿಡ ತರುವವರು ಅದೇ ಲ್ಯಾಬಿನ, ಫಸಲು ಕೊಡುತ್ತಿರುವ ಮರವನ್ನು ಕಣ್ಣಿನಿಂದ ನೋಡಿಯೇ ತರಬೇಕು. ಊರಿನಲ್ಲಿ ಖರ್ಜೂರ ಹಾಕುವ ಅಂತ ತುಂಬಾ ಜನ ಕೇಳ್ತಾರೆ. ಹಣ್ಣಾಗುವ ಹೊತ್ತಿಗೇ ನಮ್ಮ ಮಳೆಗಾಲ, ಬೇಡ.

ಬ್ರಹ್ಮಾವರ ಕಡೆಯಿಂದ

ನೆಡುವ ಸಮಯ ಯಾರೂ ಹೇಳಲಿಲ್ಲ. ಟಿಶ್ಯೂ ಬಾಳೆಯನ್ನು ಜೂನ್, ಜುಲೈ ಮಳೆಗೆ ಬೈಲಿನಲ್ಲಿ ನೆಡಬೇಡಿ, ಬುಡದಲ್ಲಿ ನೀರು ನಿಂತು ಗಡ್ಡೆ ಕೊಳೆಯುತ್ತದೆ. ಮಳೆ ಇಳಿದ ಮೇಲೆ, ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ಏರಿ ಮಾಡಿ, ಆರು ಅಡಿಗೊಂದು ಇಡಿ, ಮುಂದಿನ ಮಳೆಗಾಲಕ್ಕೆ ಮೊದಲು ನೀರು ಹರಿದು ಹೋಗುವ ಕಣಿ ಆಳ ಮಾಡಿ. ಬೇಸಗೆಗೆ ನೀರು ಬೇಕೇ ಬೇಕು. ಮಣ್ಣು ಹುಳಿ, ಸುಣ್ಣ ಹಾಕಿ. ಹಟ್ಟಿಗೊಬ್ಬರ, ಸುಡುಮಣ್ಣು ಇದ್ದರೆ ಒಳ್ಳೆಯದು.

ಒಟ್ಟಿಗೆ ನೆಟ್ಟ ಟಿಶ್ಯೂ ಗಿಡಗಳೆಲ್ಲ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಗೊನೆ ಹಾಕುತ್ತವೆ. ಜಿ-9 ಹನ್ನೊಂದು ಹನ್ನೆರಡು ತಿಂಗಳಿಗೆ ಕೊಯ್ಲು. ಲಾರಿ ತುಂಬಿಸುವವರಿಗೆ ಇದು ಲಾಭ, ಶಿರ್ವ ಪೇಟೆಯಲ್ಲಿ ಕೊಡುವವರಿಗೆ ಕಷ್ಟ, ಎಲ್ಲ ಒಟ್ಟಿಗೆ ಹಣ್ಣಾದರೆ ಯಾರಿಗೆ ಕೊಡುವುದು? ಮೂರು ನಾಲ್ಕು ಕಂತಿನಲ್ಲಿ ನೆಡಿ. ನಾಗರಪಂಚಮಿ, ಅಷ್ಟಮಿ, ಚೌತಿಗೆ ಸಣ್ಣ ಬಾಳೆಗೆ ಬೇಡಿಕೆ, ಲೆಕ್ಕ ಅಲ್ಲಿಂದ ಹಿಂದಕ್ಕೆ ಹಾಕಿ. ಏಲಕ್ಕಿ ಜಿ-9ಕ್ಕಿಂತ ತಡ.

ಮಜಲಿನಲ್ಲಿ ಅನಾನಸು ಆಗ್ತದೆ, ಅದಕ್ಕೆ ಟಿಶ್ಯೂ ಬೇಕಾಗಿಲ್ಲ. ಬುಡದ ಮರಿ ನೆಟ್ಟರೆ ಸುಮಾರು ಒಂದೂವರೆ ವರ್ಷ, ತಲೆಯ ಜುಟ್ಟು ನೆಟ್ಟರೆ ಎರಡು ವರ್ಷ. ಪಪ್ಪಾಯಿ ಬೀಜದಿಂದಲೇ, ಆದರೆ ರೆಡ್ ಲೇಡಿ ಹಣ್ಣು ತಿಂದು ಬೀಜ ಹಾಕಬೇಡಿ, ಅದು ಹೈಬ್ರಿಡ್, ಮುಂದಿನ ತಲೆಮಾರು ಹಾಗೆಯೇ ಬರುವುದಿಲ್ಲ.

ಶಿರ್ವದವರು

ಬೈಲಿನಲ್ಲಿ ಹಿಂದೆ ಬಾಳೆ ಸೊರಗಿದ್ದು ಉಂಟು ಅಂತ ಅಪ್ಪ ಹೇಳಿದರು, ಹಾಗಾಗಿ ಅಲ್ಲಿ ಏಲಕ್ಕಿ ಬಿಟ್ಟೆ. ಗುಡ್ಡೆಯ ಅಂಚಿಗೆ ಪುನರ್ಪುಳಿ (ಕೋಕಂ) ಹಾಕುವ ಅಂತ. ಅದೂ ಕಸಿಯದ್ದೇ ಬೇಕಾ?

ಪುತ್ತೂರಿನಲ್ಲಿ ಕಸಿ ಕಟ್ಟುವವರು

ಬೇಕು. ಪುನರ್ಪುಳಿಯಲ್ಲೂ ಗಂಡು ಹೆಣ್ಣು ಬೇರೆ, ಬೀಜದ ಗಿಡದಲ್ಲಿ ಸುಮಾರು ಅರ್ಧ ಗಂಡು ಬರ್ತದೆ. ಕಸಿ ಗಿಡ ತೆಗೆಯುವಾಗ ಕಡ್ಡಿ ಎಲ್ಲಿಂದ ಕಡಿದದ್ದು ಅಂತ ಕೇಳಿ. ನೇರ ಮೇಲಕ್ಕೆ ಹೋಗುವ ಚಿಗುರಿನಿಂದ ಕಟ್ಟಿದ ಗಿಡ ಮರವಾಗಿ ಏಳುತ್ತದೆ. ಅಡ್ಡ ಕೊಂಬೆಯಿಂದ ಕಟ್ಟಿದ್ದು ಎಷ್ಟು ವರ್ಷವಾದರೂ ಅಡ್ಡವಾಗಿಯೇ ನೆಲದ ಮೇಲೆ ಹರಡುತ್ತದೆ. ನರ್ಸರಿಯಲ್ಲಿ ಗಿಡ ನೋಡುವಾಗಲೇ ಗೊತ್ತಾಗ್ತದೆ, ಎಲೆಗಳು ನಾಲ್ಕೂ ದಿಕ್ಕಿಗೆ ಬಂದು ತುದಿ ನೆಟ್ಟಗೆ ನಿಂತದ್ದನ್ನು ಆರಿಸಿ. ಮಳೆ ಹಿಡಿದ ಮೇಲೆ ನಮ್ಮ ಕಡೆ ಬಂದರೆ ಕಡ್ಡಿ ಕಡಿಯುವುದು, ಕಟ್ಟುವುದು ಎರಡೂ ತೋರಿಸ್ತೇನೆ. ನೆಕ್ಕರೆಯ ಕಡ್ಡಿ ತರುವುದಾದರೆ ವಾರ ಹತ್ತು ದಿನ ಮೊದಲೇ ಎಲೆ ಕತ್ತರಿಸಿ ತೊಟ್ಟು ಮಾತ್ರ ಬಿಟ್ಟಿರಿ, ಕಣ್ಣು ಉಬ್ಬಿದ ಮೇಲೆ ಕಡಿದು ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿ.